ಮೆಟ್ಟಿಲಕ್ಕ ಮತ್ತು ನಡೆಯದ ಬೂಟು

ಬೆಳಗಿನ ಐದೂಮುಕ್ಕಾಲು. ಬೀದಿದೀಪ ಇನ್ನೂ ಆರಿಲ್ಲ, ಹಾಲಿನ ವ್ಯಾನು ಈಗಷ್ಟೇ ತಿರುವು ದಾಟಿ ಹೋಗಿದೆ. ಮೂರು ಅಂತಸ್ತಿನ, ಆರು ಮನೆಗಳ ಒಂದು ಕಟ್ಟಡದ ತುದಿಯ ಮೆಟ್ಟಿಲಿನಿಂದ ಪೊರಕೆಯ ಸದ್ದು ಕೇಳಿಸುತ್ತಿದೆ. ಮೆಟ್ಟಿಲು ಗುಡಿಸುವವರು ಯಾವತ್ತೂ ಮೇಲಿನಿಂದ ಶುರು ಮಾಡುತ್ತಾರೆ. ಹಾಗಾಗಿ ಈ ಕಟ್ಟಡದಲ್ಲಿ ಮೆಟ್ಟಿಲಕ್ಕನಿಗೆ ದಿನದ ಮೊದಲ ಕೆಲಸ ಮೇಲಿನ ಅಂತಸ್ತಿನ ಎಡಗಡೆ ಬಾಗಿಲ ಮುಂದಿರುವ ಒಂದು ಜೊತೆ ಬೂಟನ್ನು ಎತ್ತುವುದು.

ಗಂಡಸರ ಬೂಟು. ಕಪ್ಪು ಬಣ್ಣ, ಹತ್ತನೇ ನಂಬರು, ಮೂತಿ ಸವೆದು ಬೆಳ್ಳಗಾಗಿದೆ. ಮೆಟ್ಟಿಲಕ್ಕ ಅದನ್ನು ಎತ್ತಿ ಬದಿಗಿಟ್ಟು, ಕೆಳಗಿನ ದೂಳು ಗುಡಿಸಿ, ಮತ್ತೆ ಅಲ್ಲೇ ಇಡುತ್ತಾರೆ. ಆದರೆ ಇದ್ದ ಹಾಗೆ ಇಡುವುದಿಲ್ಲ. ಎಡಗಾಲಿನದು ಒಂದು ಗೇಣು ಮುಂದೆ, ಬಲಗಾಲಿನದು ಸ್ವಲ್ಪ ಓರೆ. ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ. ಸಮಾಧಾನವಾಗುವುದಿಲ್ಲ. ಬಗ್ಗಿ ಒಂದು ದಾರ ಸಡಿಲಿಸುತ್ತಾರೆ.

"ಹ್ಞಾಂ. ಇವತ್ತು ಅವಸರದಲ್ಲಿ ಬಂದು ಬಿಚ್ಚಿದ್ದಾನೆ," ಎಂದು ತಮಗೆ ತಾವೇ ಹೇಳಿಕೊಂಡು ಪೊರಕೆ ಕೈಗೆತ್ತಿಕೊಳ್ಳುತ್ತಾರೆ. ಯಾರು ಬಂದದ್ದು ಎಂದು ಕೇಳಿದರೆ ತುಟಿ ಕಚ್ಚಿ ನಗುತ್ತಾರೆ. "ಮೊದಲು ಮೆಟ್ಟಿಲು ಮುಗೀಲಿ, ಆಮೇಲೆ ಹೇಳ್ತೀನಿ. ಅದೊಂದು ದೊಡ್ಡ ಕಥೆ."

ಮೆಟ್ಟಿಲಕ್ಕನಿಗೆ ಐವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೊಂಬತ್ತು ಮೆಟ್ಟಿಲ ಮೇಲೆಯೇ ಕಳೆದಿವೆ. ಯಾವುದೋ ಮನೆಯ ಮಗುವೊಂದು ಬಾಯಿಗೆ ಬಂದಂತೆ ಇಟ್ಟ ಹೆಸರು ಈಗ ಹನ್ನೊಂದು ಕಟ್ಟಡಗಳಲ್ಲಿ ಖಾಯಂ ಆಗಿದೆ. ದಿನಕ್ಕೆ ನಾಲ್ಕು ಕಟ್ಟಡ, ಇನ್ನೂರ ಹದಿನೆಂಟು ಮೆಟ್ಟಿಲು. ಒಮ್ಮೆ ಪೊರಕೆ ಹಿಡಿದು ಹತ್ತುವುದು, ಇನ್ನೊಮ್ಮೆ ಬಕೆಟ್ಟು ಹಿಡಿದು. ಅವರ ಯಜಮಾನರು ಮನೆಗಳಿಗೆ ಬಣ್ಣ ಬಳಿಯುವವರು, ಮಾತಿನಲ್ಲಿ ಚೂಟಿ. "ನನ್ನ ಹೆಂಡತಿ ಹತ್ತಿರೋ ಮೆಟ್ಟಿಲು ಒಂದರ ಮೇಲೊಂದು ಇಟ್ಟಿದ್ರೆ ಇಷ್ಟೊತ್ತಿಗೆ ಚಂದ್ರನ ಮನೆ ಜಗಲಿ ಗುಡಿಸ್ತಿದ್ಲು," ಎನ್ನುತ್ತಾರೆ. ಮೊಣಕಾಲು ನೋವಿನ ವಿಚಾರ ಎತ್ತಿದರೆ ಮೆಟ್ಟಿಲಕ್ಕ ಮಾತು ತೇಲಿಸಿಬಿಡುತ್ತಾರೆ. ಒಬ್ಬಳೇ ಮಗಳನ್ನು ಓದಿಸಿ ಔಷಧಿ ಅಂಗಡಿಯ ಕೌಂಟರಿನ ಆ ಕಡೆ ನಿಲ್ಲಿಸಿದ್ದು ಈ ಮೊಣಕಾಲುಗಳೇ. ಅವುಗಳ ಬಗ್ಗೆ ದೂರು ಹೇಳುವುದು ಅವರಿಗೆ ಇಷ್ಟವಿಲ್ಲ.

ಇಷ್ಟೇ ಆಗಿದ್ದರೆ ಅವರು ಎಲ್ಲ ಊರುಗಳಲ್ಲೂ ಇರುವ ಒಬ್ಬ ಗುಡಿಸುವ ಅಕ್ಕ. ಆದರೆ ಅವರಿಗೆ ಇನ್ನೊಂದು ಕೆಲಸವಿದೆ. ಸಣ್ಣಪುಟ್ಟ ಅಪಾರ್ಟ್‌ಮೆಂಟು ಕಟ್ಟಡ ಕೊಂಡು, ಬಾಡಿಗೆಯಲ್ಲಿ ಜೀವನ ಸಾಗಿಸೋಣ ಎಂದು ಹೊರಟವರು ಇಂಜಿನಿಯರನ್ನೂ ವಕೀಲರನ್ನೂ ನೋಡಿದ ಮೇಲೆ ಕೊನೆಗೆ ಮೆಟ್ಟಿಲಕ್ಕನ ಮನೆ ಬಾಗಿಲು ತಟ್ಟುತ್ತಾರೆ.

ಅದು ಶುರುವಾದದ್ದು ಹತ್ತು ವರ್ಷದ ಹಿಂದೆ. ಕಟ್ಟಡವೊಂದನ್ನು ನೋಡಲು ಬಂದವರು ದಾರಿ ಬಿಡಿ ಎಂದು ಹೇಳುವ ಬದಲು ಸುಮ್ಮನೆ, "ಅಕ್ಕ, ಹೇಗಿದೆ ಕಟ್ಟಡ?" ಎಂದು ಕೇಳಿದ್ದರು. ಒರೆಸುವ ಬಟ್ಟೆ ಹಿಂಡುತ್ತಲೇ ಮೆಟ್ಟಿಲಕ್ಕ, "ಕೆಳಗಿನ ಬಲಗಡೆ ಮನೇಗೆ ಎರಡು ವರ್ಷದಲ್ಲಿ ನಾಲ್ಕು ಸಂಸಾರ ಬಂದು ಹೋದ್ವು. ಯಾಕೆ ಅಂತ ಗೋಡೆ ಕೇಳಿ," ಎಂದರು. ಬಂದವರು ಗೋಡೆ ಬಡಿದು ನೋಡಿದರು. ಹೊಸ ಗಾರೆಯ ಹಿಂದೆ ಪೈಪು ವರ್ಷಗಳಿಂದ ಸೋರುತ್ತಿತ್ತು. ಜೊತೆಯಲ್ಲಿದ್ದ ದಲ್ಲಾಳಿ, ಬಿಸಿಲಿರಲಿ ಮಳೆಯಿರಲಿ ಕೈಯಲ್ಲಿ ಛತ್ರಿ ಹಿಡಿದೇ ತಿರುಗುವ ಮನುಷ್ಯ, ಅವತ್ತೇ ಈಕೆಯ ವಿಳಾಸ ಬರೆದುಕೊಂಡ. ಆಮೇಲೆ ವರ್ಷಕ್ಕೆ ಏಳೆಂಟು ಕರೆ ಬರುತ್ತವೆ.

"ಇಂಜಿನಿಯರು ಕಟ್ಟಡ ನೋಡ್ತಾರೆ, ವಕೀಲರು ಕಾಗದ ನೋಡ್ತಾರೆ. ನಾನು ಒಳಗಿರೋರನ್ನ ನೋಡ್ತೀನಿ," ಎನ್ನುತ್ತಾರೆ ಮೆಟ್ಟಿಲಕ್ಕ. "ಬಾಡಿಗೆ ಕೊಡೋದು ಇಟ್ಟಿಗೆ ಅಲ್ಲ ಅಲ್ವಾ? ಜನ. ಜನ ಬಂದ ಮೇಲೆ ಇರ್ತಾರಾ, ಓಡಿ ಹೋಗ್ತಾರಾ, ಅದು ಮುಖ್ಯ."

ಅವರದು ಮೂರು ಮುಂಜಾನೆಯ ಲೆಕ್ಕ. ದಲ್ಲಾಳಿಯ ಮೂಲಕ ಆ ಕಟ್ಟಡದ ಮೆಟ್ಟಿಲನ್ನು ಮೂರು ದಿನ ಪುಕ್ಕಟೆ ಗುಡಿಸಲು ಒಪ್ಪಿಗೆ ಪಡೆಯುತ್ತಾರೆ. ಪೊರಕೆ ಹಿಡಿದವರ ಕಡೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ, ಅದೇ ಅನುಕೂಲ. ಬಾಗಿಲ ಪಕ್ಕ ಕುಂಡವಿದೆಯೇ, ಅದರಲ್ಲಿರುವುದು ಹಳೆಯ ಗಿಡವೇ ಎಂದು ಮೊದಲು ನೋಡುತ್ತಾರೆ, ಏಕೆಂದರೆ ಬೇರೆ ಮನೆ ಹುಡುಕುತ್ತಿರುವವರು ಗಿಡ ನೆಡುವುದಿಲ್ಲ. ಮೆಟ್ಟಿಲಿನ ಬಲ್ಬು ಹೋದರೆ ಯಾರು ಹಾಕುತ್ತಾರೆ ಎಂದು ಮಕ್ಕಳನ್ನು ಮಾತಿಗೆಳೆಯುತ್ತಾರೆ. ಮೆಟ್ಟಿಲ ಕೆಳಗಿನ ಮೂಲೆಗೆ ಮೂಗು ಒಡ್ಡುತ್ತಾರೆ, ಗೋಡೆಗೆ ಅಂಗೈ ಒತ್ತುತ್ತಾರೆ. ಬಣ್ಣದ ವಿಷಯದಲ್ಲಿ ಯಜಮಾನರೇ ಗುರು. ಇಡೀ ಗೋಡೆ ಹಳೆಯದಿದ್ದು ಒಂದು ಮೂಲೆ ಮಾತ್ರ ಹೊಸದಾಗಿದ್ದರೆ ಅಲ್ಲಿ ತೇವ ಮುಚ್ಚಿದ್ದಾರೆ ಎಂದರ್ಥ. "ಅದರಲ್ಲಿ ಅರ್ಧ ನಾನೇ ಮುಚ್ಚಿರ್ತೀನಿ. ದಿನವೆಲ್ಲಾ ನಾನು ಮುಚ್ಚೋದು, ಇವಳು ಹೋಗಿ ಕಂಡುಹಿಡಿಯೋದು. ಒಂದೇ ಮನೇಲಿ ಎರಡು ಪಕ್ಷ," ಎಂದು ಅವರು ನಗುತ್ತಾರೆ.

ಎಲ್ಲಕ್ಕಿಂತ ಮುಖ್ಯ ಬಾಗಿಲ ಮುಂದಿನ ಚಪ್ಪಲಿಗಳು. ಅದನ್ನು ಹೇಳುವಾಗ ಮೆಟ್ಟಿಲಕ್ಕನ ದನಿ ತಗ್ಗುತ್ತದೆ, ಏಕೆಂದರೆ ಆ ಪಾಠ ಪುಕ್ಕಟೆ ಬಂದದ್ದಲ್ಲ.

ನಾಲ್ಕು ವರ್ಷದ ಹಿಂದೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಎಂಟು ಮನೆಗಳ ಕಟ್ಟಡ ಕೊಳ್ಳಲು ಹೊರಟಿದ್ದರು. ಆಗ ಮೆಟ್ಟಿಲಕ್ಕ ಒಂದೇ ಬೆಳಗ್ಗೆ ಹೋಗಿ ನೋಡಿ ಬರುತ್ತಿದ್ದರು. ಎಂಟು ಬಾಗಿಲು, ಎಂಟೂ ಬಾಗಿಲ ಮುಂದೆ ಚಪ್ಪಲಿ. ಮಕ್ಕಳದು, ಹೆಂಗಸರದು, ಗಂಡಸರದು. "ತುಂಬಿದ ಕಟ್ಟಡ, ಕಣ್ಣು ಮುಚ್ಚಿ ತಗೊಳ್ಳಿ," ಎಂದುಬಿಟ್ಟರು. ಕಂಡಕ್ಟರು ಹಾಗೆಯೇ ಮಾಡಿದರು. ಕೀಲಿಕೈ ಕೈಗೆ ಬಂದ ದಿನ ಗೊತ್ತಾಯಿತು, ಮೂರು ಮನೆ ಖಾಲಿ. ಮಾರಿದವನು ಹಳೇ ಚಪ್ಪಲಿ ಒಟ್ಟುಮಾಡಿ ಬಾಗಿಲಿಗೊಂದಿಷ್ಟು ಜೋಡಿಸಿ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದ. ಪಾಪದ ಮನುಷ್ಯ ಆ ಮನೆಗಳು ತುಂಬುವವರೆಗೆ, ಎರಡು ವರ್ಷ, ಬೇರೆಯವರ ಆಟೋ ಓಡಿಸಬೇಕಾಯಿತು.

"ಅವರು ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು," ಎನ್ನುತ್ತಾರೆ ಮೆಟ್ಟಿಲಕ್ಕ. ಅವತ್ತಿನಿಂದ ಪ್ರತಿ ಭಾನುವಾರ ಕಂಡಕ್ಟರ ಕಟ್ಟಡದ ಮೆಟ್ಟಿಲನ್ನು ಬಿಡಿಗಾಸು ಮುಟ್ಟದೆ ಗುಡಿಸುತ್ತಿದ್ದಾರೆ. ಸಾಕು ಮಾರಾಯ್ತಿ ಎಂದು ಅವರು ಕೈಮುಗಿದರೂ ಕೇಳುವುದಿಲ್ಲ. ಒಂದು ಮುಂಜಾನೆಯ ಲೆಕ್ಕ ಮೂರಕ್ಕೆ ಏರಿದ್ದು ಆಗಲೇ. ಜೊತೆಗೆ ಒಂದು ನಿಯಮವೂ ಹುಟ್ಟಿತು: ಚಪ್ಪಲಿ ಇದ್ದರೆ ಸಾಲದು, ನಡೆಯಬೇಕು. ಇವತ್ತು ಗೋಡೆಗೆ ಒರಗಿದ್ದು ನಾಳೆ ಬಾಗಿಲ ಕಡೆ ತಿರುಗಿರಬೇಕು, ಒಂದು ದಿನ ಮಣ್ಣು ಮೆತ್ತಿರಬೇಕು. ಮೂರು ದಿನ ಕದಲದ ಚಪ್ಪಲಿಯ ಹಿಂದೆ ಮನುಷ್ಯರಿಲ್ಲ.

ಮೂರು ವರ್ಷ ಈ ನಿಯಮ ಒಮ್ಮೆಯೂ ಕೈಕೊಡಲಿಲ್ಲ. ಕೈಕೊಟ್ಟದ್ದು ಕಳೆದ ವರ್ಷ, ಇದೇ ಆರು ಮನೆಗಳ ಕಟ್ಟಡದಲ್ಲಿ.

ಕೊಳ್ಳಲು ಬಂದವರು ಅಕ್ಕ ತಂಗಿ. ಇಬ್ಬರೂ ದರ್ಜಿಗಳು. ಮೂವತ್ತು ವರ್ಷ ಒಂದೇ ಅಂಗಡಿಯಲ್ಲಿ ಎದುರುಬದುರು ಯಂತ್ರ ತುಳಿದವರು, ಮದುವೆ ಮಾಡಿಕೊಳ್ಳದವರು. ಅಕ್ಕನ ಕಣ್ಣು ಮಂಜಾಗುತ್ತಾ ಬಂದು ಸೂಜಿಗೆ ದಾರ ಪೋಣಿಸಲೂ ತಂಗಿಯನ್ನು ಕರೆಯುವಂತಾಗಿತ್ತು. ಅಂಗಡಿ ಮಾರಿ ಬಂದದ್ದನ್ನೆಲ್ಲ ಈ ಕಟ್ಟಡಕ್ಕೆ ಹಾಕಿದರೆ ಆರು ಮನೆಯ ಬಾಡಿಗೆಯಲ್ಲಿ ಇಬ್ಬರ ಮುಂದಿನ ದಿನಗಳು ಕಳೆಯಬೇಕು. ತಪ್ಪಿದರೆ ಮತ್ತೆ ಯಂತ್ರದ ಮುಂದೆ ಕೂರಲು ಅಕ್ಕನಿಗೆ ಕಣ್ಣಿಲ್ಲ.

ಮಧ್ಯಾಹ್ನ ನೋಡಲು ಹೋದಾಗ ಮೇಲಿನ ಎಡಗಡೆ ಬಾಗಿಲು ತೆರೆದಿರಲಿಲ್ಲ. "ಅವರಿಗೆ ರಾತ್ರಿ ಪಾಳಿ, ಈಗ ಮಲಗಿರ್ತಾರೆ," ಎಂದಿದ್ದರು ಕಟ್ಟಡದ ಮಾಲೀಕರು. ಬೇರೆ ಬಡಾವಣೆಯಲ್ಲಿ ವಾಸವಾಗಿದ್ದ ಮುಂಗೋಪದ ಹಿರಿಯರು ಅವರು. ತಂಗಿಗೆ ಅದು ನೆಪದಂತೆ ಕೇಳಿಸಿತು. ಛತ್ರಿ ದಲ್ಲಾಳಿ ಇಬ್ಬರನ್ನೂ ಮೆಟ್ಟಿಲಕ್ಕನ ಬಳಿಗೆ ಕರೆತಂದ.

ಸೋಮವಾರ, ಮಂಗಳವಾರ, ಬುಧವಾರ. ಕಟ್ಟಡ ಚೆನ್ನಾಗಿತ್ತು. ಕುಂಡಗಳಲ್ಲಿ ಕೈಗಾತ್ರದ ಕಾಂಡದ ಗಿಡಗಳಿದ್ದವು. ಕೆಳಮನೆಯ ಮೇಷ್ಟ್ರು ತಾವೇ ಬಲ್ಬು ಬದಲಿಸುತ್ತಿದ್ದರು. ಐದು ಬಾಗಿಲುಗಳ ಚಪ್ಪಲಿ ದಿನದಿನಕ್ಕೆ ಜಾಗ ಬದಲಿಸುತ್ತಿದ್ದವು. ಆರನೆಯ ಬಾಗಿಲ ಮುಂದೆ ಮಾತ್ರ ಈ ಕಪ್ಪು ಬೂಟು, ಸೈನಿಕನ ಹಾಗೆ ಸೆಟೆದು ಗೋಡೆಗೆ ಒರಗಿ ನಿಂತಿತ್ತು. ಸೋಮವಾರ ಹೇಗಿತ್ತೋ ಬುಧವಾರವೂ ಹಾಗೆಯೇ. ಅಟ್ಟೆಯ ಕೆಳಗೆ ಬೂಟಿನ ಆಕಾರದ್ದೇ ಒಂದು ಒರೆಸಿದರೂ ಹೋಗದ ಗುರುತು. ಮೆಟ್ಟಿಲಕ್ಕನಿಗೆ ಕಂಡಕ್ಟರ ಕಟ್ಟಡ ನೆನಪಾಯಿತು. ಮತ್ತೆ ಅದೇ ಆಟ.

"ಐದು ಮನೆ ಜೀವಂತ. ಒಂದು ತೋರಿಕೆಗೆ," ಎಂದು ಅಂಗಡಿಗೆ ಹೋಗಿ ಹೇಳಿಬಿಟ್ಟರು. "ಒಂದು ಮನೆ ವಿಷಯದಲ್ಲಿ ಸುಳ್ಳು ಹೇಳೋನು ಟ್ಯಾಂಕಿನ ವಿಷಯದಲ್ಲಿ ಬಿಡ್ತಾನಾ, ತಾರಸಿ ವಿಷಯದಲ್ಲಿ ಬಿಡ್ತಾನಾ? ನನ್ನ ಕೇಳಿದ್ರೆ ಬೇಡ."

ಅಕ್ಕ ತಂಗಿ ಅವತ್ತೇ ದಲ್ಲಾಳಿಗೆ ಬೇಡವೆಂದರು. ಸುಳ್ಳುಗಾರ ಅನ್ನಿಸಿಕೊಂಡ ಮಾಲೀಕರು ಕೆಂಡಾಮಂಡಲವಾದರು. ಶುಕ್ರವಾರ ಇನ್ನೊಬ್ಬರು ಬಂದು ಮುಂಗಡ ಕೊಡುವುದೆಂದು ನಿಗದಿಯಾಯಿತು.

ಗುರುವಾರ ಮೆಟ್ಟಿಲಕ್ಕನಿಗೆ ಅಲ್ಲಿ ಕೆಲಸವಿರಲಿಲ್ಲ. ಬಕೆಟ್ಟನ್ನು ಮೇಲಿನ ಅಂತಸ್ತಿನಲ್ಲೇ ಮರೆತು ಬಂದಿದ್ದರು. ಬೇರೆ ಕಟ್ಟಡ ಮುಗಿಸಿ, ಅದನ್ನು ತರಲು ಹೋದಾಗ ಏಳೂವರೆ ದಾಟಿತ್ತು. ಹಿಂದಿನ ಮೂರು ದಿನವೂ ಆರೂವರೆಗೆಲ್ಲ ಅವರು ಅಲ್ಲಿಂದ ಹೊರಟಿದ್ದರು. ಮೂರು ಅಂತಸ್ತು ಹತ್ತಿದ ಏದುಸಿರಿಗೆ ಗೋಡೆಗಂಟಿದ ಪೈಪಿಗೆ ಕೈಯಾನಿಸಿ ನಿಂತರು.

ಪೈಪು ಬಿಸಿಯಾಗಿತ್ತು.

"ಅದರ ಮೇಲೆ ಇನ್ನೊಂದು ಮನೆ ಇಲ್ಲ. ಆ ಪೈಪಿಗೆ ಸೇರೋದು ಅದೊಂದೇ ಬಚ್ಚಲು," ಎನ್ನುವಾಗ ಇವತ್ತಿಗೂ ಮೆಟ್ಟಿಲಕ್ಕ ಅಂಗೈ ನೋಡಿಕೊಳ್ಳುತ್ತಾರೆ. "ಯಾರೋ ಈಗ ತಾನೆ ಬಿಸಿನೀರು ಸ್ನಾನ ಮಾಡಿದಾರೆ. ಖಾಲಿ ಮನೆ ಸ್ನಾನ ಮಾಡುತ್ತಾ?"

ಬಾಗಿಲು ತಟ್ಟಿದರು. ಸರಪಳಿ ಬಿಟ್ಟಷ್ಟೇ ತೆರೆದ ಬಾಗಿಲ ಸಂದಿಯಲ್ಲಿ ಒದ್ದೆ ಕೂದಲಿನ ಒಬ್ಬ ಹೆಂಗಸು. ನಲವತ್ತರ ಆಸುಪಾಸು.

"ಯಾರು ಬೇಕಿತ್ತು?"

"ಈ ಬೂಟು..." ಮೆಟ್ಟಿಲಕ್ಕನಿಗೆ ಬೇರೇನೂ ತೋಚಲಿಲ್ಲ.

"ನಮ್ಮ ಯಜಮಾನ್ರದು. ಒಳಗೆ ಮಲಗಿದಾರೆ," ಎಂದಿತು ಸಂದಿ, ಅಭ್ಯಾಸವಾದ ದನಿಯಲ್ಲಿ.

"ಅಮ್ಮಾ, ನಿಮ್ಮ ಯಜಮಾನ್ರು ಸೋಮವಾರದಿಂದ ಹೊಸಿಲು ದಾಟಿಲ್ಲ."

ಆಕೆಯ ಮುಖ ಬಿಳಿಚಿಕೊಂಡಿತು. ಮೆಟ್ಟಿಲಕ್ಕ ಗಾಬರಿಯಾಗಿ ತಾನು ಯಾರು, ಯಾಕೆ ಬಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಸರಪಳಿ ಬಿಚ್ಚಿತು, ಚಹಾ ಬಂತು. ಒಳಗೆ ಒಂದೇ ಮಂಚ, ಒಂದೇ ತಟ್ಟೆ, ಬಾಗಿಲ ಒಳಬದಿಯಲ್ಲಿ ಒಂದು ಜೊತೆ ಸಣ್ಣ ಚಪ್ಪಲಿ. ಆಕೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ವಿಭಾಗದ ರಾತ್ರಿ ಪಾಳಿಯವಳು. ಬೆಳಗ್ಗೆ ಏಳಕ್ಕೆ ಬಂದು, ಸ್ನಾನ ಮಾಡಿ ಮಲಗಿದರೆ ಏಳುವುದು ಸಂಜೆಗೆ. ಒಂಬತ್ತು ವರ್ಷದಿಂದ ಅದೇ ಮನೆ.

"ಹಳೇ ಸಾಮಾನಿನ ಅಂಗಡೀಲಿ ಎಲ್ಲಕ್ಕಿಂತ ದೊಡ್ಡ ನಂಬರಿನ ಬೂಟು ಕೊಡಿ ಅಂತ ಕೇಳಿ ತಂದೆ," ಎಂದಳಂತೆ. "ಒಬ್ಬಳೇ ಇರೋದು ಅಂತ ಯಾರಿಗೂ ಗೊತ್ತಾಗಬಾರದಲ್ಲಕ್ಕ. ನನ್ನ ಚಪ್ಪಲಿ ಹೊರಗೆ ಬಿಟ್ರೆ ನಾನಿದೀನಾ ಇಲ್ವಾ ಅಂತ ತಿಳಿದುಹೋಗುತ್ತೆ. ಅದಕ್ಕೇ ಒಳಗೆ."

ಮೆಟ್ಟಿಲಕ್ಕನಿಗೆ ಒಂದು ಕಡೆ ಅಳು, ಇನ್ನೊಂದು ಕಡೆ ನಾಚಿಕೆ. ಒಂಬತ್ತು ವರ್ಷ ನಿಂತ ಬಾಡಿಗೆದಾರಳು ಎಂದರೆ ಬಾಡಿಗೆ ಕಟ್ಟಡಕ್ಕೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕೆ? ಅದನ್ನೇ ಅವರು ಸುಳ್ಳಿನ ಪಟ್ಟಿಗೆ ಸೇರಿಸಿದ್ದರು. ಯಾರಿಗೂ ಹೇಳಬೇಡಿ ಎಂದಾಕೆ ಕೇಳಿಕೊಂಡಳು. ಹೇಳುವುದಿಲ್ಲ ಎಂದು ಮಾತು ಕೊಟ್ಟು, ಬಕೆಟ್ಟನ್ನು ಮತ್ತೆ ಅಲ್ಲೇ ಮರೆತು, ಮೆಟ್ಟಿಲಕ್ಕ ನೇರವಾಗಿ ದರ್ಜಿ ಅಂಗಡಿಗೆ ನಡೆದರು.

ಅಂಗಡಿಯಲ್ಲಿ ಒಂದು ಯಂತ್ರ ಆಗಲೇ ಮಾರಾಟವಾಗಿ ಹೋಗಿತ್ತು. ತಂಗಿ ಗುಂಡಿ ಡಬ್ಬಿಗಳನ್ನು ಕಟ್ಟಿಡುತ್ತಿದ್ದಳು. ಮೆಟ್ಟಿಲಕ್ಕ ಹೊಸಿಲಲ್ಲೇ ನಿಂತು ಹೇಳಿದರು, "ನಾನು ತಪ್ಪು ಹೇಳಿದೆ. ಆ ಮನೆ ಖಾಲಿ ಇಲ್ಲ. ಹೇಗೆ ಗೊತ್ತಾಯ್ತು ಅಂತ ಮಾತ್ರ ಕೇಳಬೇಡಿ, ಹೇಳೋ ಹಾಗಿಲ್ಲ."

ತಂಗಿ ಸಿಡಿದಳು. "ನಿನ್ನೆ ಖಾಲಿ, ಇವತ್ತು ತುಂಬಿದೆ. ಯಾವ ಮಾತು ನಂಬೋಣ ಹೇಳಿ? ನಮ್ಮ ಇಡೀ ಬದುಕು ಇದರ ಮೇಲಿದೆ. ಆ ಮಾಲೀಕ ಏನಾದ್ರೂ ಕೈ ಬೆಚ್ಚಗೆ ಮಾಡಿದ್ನಾ?"

ಆ ಮಾತು ಮೆಟ್ಟಿಲಕ್ಕನಿಗೆ ಚುಚ್ಚಿತು. ಆದರೂ ಕೇಳುವ ಹಕ್ಕು ಆಕೆಗಿದೆ ಅನ್ನಿಸಿತು. ಕೊಡಲು ಅವರ ಬಳಿ ಸಾಕ್ಷಿಯಿರಲಿಲ್ಲ. ಇದ್ದದ್ದು ಮಾತು ಒಂದೇ, ಅದನ್ನೂ ತಾವೇ ಹಿಂದಿನ ದಿನ ಕೆಡಿಸಿದ್ದರು. ಹಾಗಾಗಿ ಕಂಡಕ್ಟರ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಯಾವ ದಲ್ಲಾಳಿಯೂ ಬಾಯಿಬಿಡದ ಸ್ವಂತ ಸೋಲಿನ ಕಥೆ. "ಅವತ್ತು ಖಾಲಿ ಮನೇನ ತುಂಬಿದೆ ಅಂದೆ. ಆ ಹೆದರಿಕೇಲಿ ನಿನ್ನೆ ತುಂಬಿದ ಮನೇನ ಖಾಲಿ ಅಂದೆ. ನಂಬೋದು ಬಿಡೋದು ನಿಮಗೆ ಸೇರಿದ್ದು. ಆದ್ರೆ ತಪ್ಪು ಗೊತ್ತಾದ ಮೇಲೆ ಸುಮ್ಮನೆ ಮನೇಲಿ ಕೂರೋಕೆ ಆಗಲಿಲ್ಲ."

ಒಳಗೆ ಕೂತಿದ್ದ ಅಕ್ಕ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಬಟ್ಟೆ ತಪ್ಪು ಕತ್ತರಿಸಿದೀನಿ ಅಂತ ಗಿರಾಕಿ ಮನೆವರೆಗೂ ಹೋಗಿ ಹೇಳೋ ದರ್ಜಿ ಎಷ್ಟು ಜನ ಇದ್ದಾರೆ? ಮೂವತ್ತು ವರ್ಷದಲ್ಲಿ ನಾವೇ ಎರಡು ಸಲ ಹೇಳದೆ ಹೊಲಿಗೆ ಹಾಕಿ ಮುಚ್ಚಿದೀವಿ," ಎಂದಳು. ತಂಗಿ ಕೆಂಪಾಗಿ, "ಒಂದೇ ಸಲ," ಎಂದು ತಿದ್ದಿದಳು. ಅಕ್ಕ ಜೋರಾಗಿ ನಕ್ಕಳು. ಸಂಜೆಯೊಳಗೆ ಇಬ್ಬರೂ ದಲ್ಲಾಳಿಯ ಛತ್ರಿಯ ಹಿಂದೆ ಹೋಗಿ, ಮುಂಗೋಪದ ಹಿರಿಯರ ಎದುರು ಕೂತು, ಬೈಸಿಕೊಂಡು, ಕ್ಷಮೆ ಕೇಳಿ, ಮುಂಗಡ ಕೊಟ್ಟು ಬಂದರು.

ಇದಾಗಿ ವರ್ಷ ತುಂಬಿದೆ. ಆರು ಮನೆಯವರೂ ಹಾಗೆಯೇ ಇದ್ದಾರೆ. ಮೆಟ್ಟಿಲು ಗುಡಿಸುವ ಕೆಲಸವನ್ನು ಅಕ್ಕ ತಂಗಿ ಮೆಟ್ಟಿಲಕ್ಕನಿಗೇ ಕೊಟ್ಟಿದ್ದಾರೆ. ಅಕ್ಕನ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದೆ. ಪ್ರತಿ ತಿಂಗಳ ಮೊದಲ ವಾರ ಬಂದು ಕೆಳಗಿನ ಮೆಟ್ಟಿಲ ಮೇಲೆ ಕೂತು, "ಮೂಲೇಲಿ ದೂಳಿದೆ ನೋಡಿ," ಎಂದು ಮೆಟ್ಟಿಲಕ್ಕನನ್ನು ರೇಗಿಸುವಷ್ಟು ದೃಷ್ಟಿ ಬಂದಿದೆ. ಬೂಟಿನ ಗುಟ್ಟನ್ನು ಬೂಟಿನವಳೇ ಹೊಸ ಮಾಲೀಕರಿಗೆ ಹೇಳಿದಳು. ಒಂಟಿ ಹೆಂಗಸು ಎಂದು ತಿಳಿದರೆ ಮನೆ ಬಿಡಿಸಿಯಾರು ಎಂಬ ಅಳುಕು ಅವಳಿಗಿತ್ತು. "ಒಬ್ಬಳೇ ಇರೋದು ತಪ್ಪಾಗಿದ್ರೆ ನಾವು ಇಬ್ಬರೂ ತಪ್ಪಿತಸ್ಥರೇ," ಎಂದಳಂತೆ ಅಕ್ಕ. ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದಾಗ ಬೂಟಿನವಳು ಬಾಗಿಲ ಸಂದಿಯಿಂದಲೇ ನಗುತ್ತಾಳೆ. "ಬರೀರಿ. ಬಾಗಿಲ ಮುಂದೆ ಬೂಟಿಲ್ಲದ ಕಟ್ಟಡ ಎಲ್ಲಿದೆ ಹೇಳಿ?"

ಆ ಗುರುವಾರದ ಮರುದಿನವೇ ಮೆಟ್ಟಿಲಕ್ಕ ಆಕೆಗೆ ಒಂದು ಬುದ್ಧಿಮಾತು ಹೇಳಿದ್ದರು: ನಾನು ಕಂಡುಹಿಡಿದೆ ಅಂದ ಮೇಲೆ ಕೆಟ್ಟವನೊಬ್ಬ ಕಂಡುಹಿಡಿಯೋದು ಕಷ್ಟವಲ್ಲ, ಬೂಟು ನಡೀಬೇಕು. ರಾತ್ರಿಯೆಲ್ಲ ದುಡಿದು ಬರುವವಳಿಗೆ ಅದು ನೆನಪಿರುವುದಿಲ್ಲ. ಹಾಗಾಗಿ ಆ ಕೆಲಸವನ್ನು ಮೆಟ್ಟಿಲಕ್ಕನೇ ವಹಿಸಿಕೊಂಡಿದ್ದಾರೆ. ಮಳೆ ಬಂದ ದಿನ ಬೂಟಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸುತ್ತಾರೆ. ವಾರಕ್ಕೊಮ್ಮೆ ಅಟ್ಟೆಗೆ ಮಣ್ಣು. ಒಮ್ಮೆ ಯಜಮಾನರಿಂದ ಒಂದು ತೊಟ್ಟು ಬಿಳಿ ಬಣ್ಣವನ್ನೂ ಹಾಕಿಸಿದ್ದರು. "ಮನೇಗೆ ಬಣ್ಣ ಹೊಡೆಸ್ತಿದ್ದಾನೆ ಅಂತ ನೋಡೋರು ಅಂದ್ಕೊಳ್ಳಲಿ," ಎಂದು.

ಇಬ್ಬರು ಹೆಂಗಸರೂ ಸೇರಿ ಆ ಇಲ್ಲದ ಮನುಷ್ಯನಿಗೆ ಒಂದು ಸ್ವಭಾವವನ್ನೇ ಕಟ್ಟಿದ್ದಾರೆ. ಅವನು ಸೋಮವಾರ ಅವಸರದವನು. ಶನಿವಾರ ಸೋಮಾರಿ, ಬೂಟನ್ನು ಎತ್ತೆತ್ತಲೋ ಎಸೆಯುತ್ತಾನೆ. ಹೋದ ತಿಂಗಳು ಪಕ್ಕದ ಕಟ್ಟಡ ನೋಡಲು ಬಂದಿದ್ದ ಒಬ್ಬ ದಲ್ಲಾಳಿ ಇಲ್ಲಿಗೂ ಹತ್ತಿ ಬಂದು, ಈ ಬೂಟನ್ನು ನೋಡಿ, "ಈ ಮನೆಯವರು ಪೊಲೀಸಾ?" ಎಂದು ದನಿ ತಗ್ಗಿಸಿ ಕೇಳಿದನಂತೆ. ಅದನ್ನು ಹೇಳುವಾಗ ಮೆಟ್ಟಿಲಕ್ಕನ ಕಣ್ಣು ಹೊಳೆಯುತ್ತದೆ. "ನನ್ನಂಥವಳೇ ಬಂದು ನೋಡಿದ್ರೂ ಬೇಸ್ತು ಬೀಳಬೇಕು, ಹಾಗೆ ಇಡ್ತೀನಿ."

ಏಳು ಗಂಟೆ. ಮೆಟ್ಟಿಲು ಮುಗಿದಿದೆ, ಬಕೆಟ್ಟು ಮಗುಚಿಟ್ಟಿದೆ. ಕೆಳಗಿನ ಗೇಟಿನ ಸದ್ದಾಗುತ್ತದೆ. ಬೂಟಿನವಳು ನಿದ್ದೆಗಣ್ಣಿನಲ್ಲಿ, ಒರೆಸಿದ ಮೆಟ್ಟಿಲ ಅಂಚಿನಲ್ಲೇ ಹೆಜ್ಜೆಯಿಟ್ಟು ಹತ್ತಿ ಬರುತ್ತಾಳೆ. ಇಬ್ಬರೂ ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಮೇಲೆ ಬಾಗಿಲ ಸರಪಳಿ ಬೀಳುತ್ತದೆ, ಪೈಪಿನಲ್ಲಿ ನೀರು ಇಳಿಯುತ್ತದೆ. ಮೆಟ್ಟಿಲಕ್ಕ ಹೋಗುವ ಮೊದಲು ಅದಕ್ಕೆ ಅಂಗೈ ಮುಟ್ಟಿಸಿ ನೋಡುತ್ತಾರೆ. ಬಿಸಿ.

ಇಷ್ಟು ವರ್ಷ ದುಡಿದದ್ದಕ್ಕೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ ಅವರು ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತಾ ಯೋಚಿಸುತ್ತಾರೆ.

"ನನಗೇನೂ ಬೇಡ. ಅವನಿಗೊಂದು ಹೊಸ ಬೂಟು ಕೊಡಿಸಬೇಕು," ಎನ್ನುತ್ತಾರೆ ಮೇಲಿನ ಅಂತಸ್ತಿನ ಕಡೆ ಗದ್ದ ತೋರಿಸಿ. "ಎಷ್ಟು ವರ್ಷ ಅಂತ ಅದೇ ಹಳೇ ಬೂಟಲ್ಲಿ ಓಡಾಡ್ತಾನೆ, ಪಾಪ."